ಪದರದ ಸಾಹೇಬರು
ಅಪಾರ್ಟ್‌ಮೆಂಟಿನ ಗೇಟು ಕಾಯುವ ನಾನು ಅಲ್ಲಿನ ಒಬ್ಬ ಸಾಹೇಬರಿಗಿಟ್ಟ ಹೆಸರು ಪದರದ ಸಾಹೇಬರು. ಚಳಿಗಾಲದಲ್ಲಿ ಬೆಳಕು ಹರಿಯುವ ಹೊತ್ತಿಗೆ ಉಣ್ಣೆ ಅಂಗಿ, ಸ್ವೆಟರು, ಜಾಕೆಟ್ಟು, ಟೋಪಿ ಎಲ್ಲ ತೊಟ್ಟು ಈರುಳ್ಳಿಯ ಹಾಗೆ ಗುಂಡಗಾಗಿ ಕಟ್ಟಡದ ಸುತ್ತ ಓಡಲು ಇಳಿಯುತ್ತಾರೆ. ನನ್ನ ಕುರ್ಚಿಯ ಬೆನ್ನು ಹಿಡಿದು ಒಂದೊಂದೇ ಕಾಲು ಹಿಂದಕ್ಕೆ ಮಡಚುತ್ತ, "ಚಳಿ ಅನ್ನೋದು ಬರೀ ಮನಸ್ಸಲ್ಲಿರೋದು ಕಣಯ್ಯ. ಹತ್ತಿ ಹಾಕ್ಬೇಡ, ಉಣ್ಣೆ ಹಾಕು" ಎಂದು ನನ್ನ ಹತ್ತಿಯ ಸಮವಸ್ತ್ರಕ್ಕೆ ಪಾಠ ಹೇಳುತ್ತಾರೆ. ನನ್ನ ಹಲ್ಲು ಕಟಕಟ ಎನ್ನುತ್ತಿರುವುದರಿಂದ ಸುಮ್ಮನೆ ತಲೆಯಾಡಿಸುತ್ತೇನೆ. ಮೈ ಕಾದಂತೆಲ್ಲ ಸುತ್ತಿಗೊಂದು ಬಟ್ಟೆ ಬಿಚ್ಚಿ ನನ್ನ ತೋಳಿಗೆ ಹಾಕುತ್ತಿದ್ದರು. ಮೊದಲು ಟೋಪಿ, ಆಮೇಲೆ ಜಾಕೆಟ್ಟು. "ನೀನು ಹಿಡ್ಕೊಂಡ್ರೆ ತಣ್ಣಗಾಗೋದೇ ಇಲ್ಲ ನೋಡು!" ಎಂದು ಮೆಚ್ಚುತ್ತಿದ್ದರು. ಹೇಗೆ ತಣ್ಣಗಾದೀತು? ಅವರು ತಿರುವು ದಾಟಿದ್ದೇ ತಡ, ಅವರ ಮೈಯ ಬಿಸಿ ಆರುವ ಮೊದಲೇ ನಾನು ಅದರೊಳಗಿರುತ್ತಿದ್ದೆ. ಮೊನ್ನೆ ಕಾಲು ಉಳುಕಿ ಅರ್ಧಕ್ಕೇ ಹಿಂದಿರುಗಿದವರು, ಜಾಕೆಟ್ಟಿನೊಳಗಿದ್ದ ನನ್ನನ್ನು ಕಂಡರು. ಬೈಯಲಿಲ್ಲ, ಪಾಪ, ನಕ್ಕರು. ಮರುದಿನ ಕೈಗೊಂದು ಮೊಳೆ ಕೊಟ್ಟು, "ನಿನಗ್ಯಾಕಪ್ಪ ದಿನಾ ತೊಂದ್ರೆ? ಇದನ್ನ ಗೋಡೆಗೆ ಹೊಡೆದುಬಿಡು" ಎಂದರು. ಬೆರಳು ಮರಗಟ್ಟಿದ್ದರಿಂದ ಮೂರು ಏಟು ತಪ್ಪಿದವು. ನಾಲ್ಕನೆಯದಕ್ಕೆ ಮೊಳೆ ಗಟ್ಟಿಯಾಗಿ ಕೂತಿತು. ಜಾಕೆಟ್ಟು ಈಗ ನನ್ನ ಕುರ್ಚಿಯ ಪಕ್ಕದಲ್ಲೇ ತಣ್ಣಗಾಗುತ್ತ ನೇತಾಡುತ್ತದೆ.