ಪ್ಲಗ್ ಕಿತ್ತು ನೋಡುವ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಔಷಧಿ ಗೋದಾಮಿನ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ರಟ್ಟಿನ ಪೆಟ್ಟಿಗೆಗಳ ಹಿಂದಿನ ಕಿರುಕೋಣೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸ್ಟೂಲ್ ಎಳೆದುಕೊಂಡು ಕೂತಿದ್ದಾರೆ. ಎದುರಿಗೆ ಎರಡು ಕಂಪ್ಯೂಟರ್. ಒಂದರಲ್ಲಿ ಸುಳ್ಳು ಆರ್ಡರ್‌ಗಳು ಸರಸರನೆ ದಾಖಲಾಗುತ್ತಿವೆ. ಇನ್ನೊಂದು, ‘ಸೇವ್ ಆಯಿತು’ ಎಂಬ ಉತ್ತರ ಬಂದ ಆರ್ಡರ್‌ಗಳನ್ನು ಮಾತ್ರ ಗುರುತು ಹಾಕಿಕೊಳ್ಳುತ್ತಿದೆ. ಹೆಂಗಸು ಒಂದು ಗುಟುಕು ಚಹಾ ಕುಡಿದು, ಬಗ್ಗಿ, ಮೊದಲನೆಯದರ ಪ್ಲಗ್ಗನ್ನು ಗೋಡೆಯಿಂದ ಪಟಕ್ಕನೆ ಕೀಳುತ್ತಾರೆ.

“ಹೋಯ್ತಾ ಮೇಡಂ ಪ್ರಾಣ?” ಬಾಗಿಲಲ್ಲಿ ನಿಂತ ವಾಚ್‌ಮನ್ ಕೇಳುತ್ತಾನೆ.

“ಹೋಯ್ತು. ಈಗ ಎಬ್ಬಿಸಿ ಕೇಳ್ಬೇಕು, ಹೇಳಿದ್ದೆಲ್ಲಾ ನೆನಪಿದ್ಯಾ ಅಂತ.”

ಗೋದಾಮಿನಲ್ಲಿ ಇವರಿಗೆ ಪ್ಲಗ್ಗಮ್ಮ ಎಂದೇ ಹೆಸರು. ಯಾವ ಅಂಗಡಿ ಯಾವ ಮಾತ್ರೆ ಕೇಳಿತು, ಯಾವ ಪೆಟ್ಟಿಗೆ ಯಾವ ಕಪಾಟಿನಲ್ಲಿದೆ, ಯಾವುದನ್ನು ಕಳಿಸಬಾರದು, ಇದೆಲ್ಲವನ್ನೂ ಜೋಪಾನ ಮಾಡುವ ಡೇಟಾಬೇಸ್ ಇವರ ಸುಪರ್ದಿಯಲ್ಲಿದೆ. ಅದರ ಹೊಸ ಆವೃತ್ತಿ ಬಂದಾಗಲೆಲ್ಲ ಲಾರಿಗಳು ಬರುವ ಮುಂಚೆ ಹೀಗೆ ಪ್ಲಗ್ ಕಿತ್ತು ಪರೀಕ್ಷಿಸುತ್ತಾರೆ. ಪಾಸಾದರೆ ಮಾತ್ರ ಅಸಲಿ ಕೆಲಸಕ್ಕೆ ಬಿಡುತ್ತಾರೆ. ಅಕ್ಕಪಕ್ಕದವರು ಸೊಸೆಯ ಕೆಲಸವೇನೆಂದು ಕೇಳಿದರೆ ಅತ್ತೆ, “ಕಂಪ್ಯೂಟರ್ ಕಾಯ್ತಾಳೆ” ಎನ್ನುತ್ತಾರೆ. ಮಗಳು ಇನ್ನೂ ನೇರ. “ಅಮ್ಮನಿಗೆ ಸಂಬಳ ಕೊಡೋದು ಕರೆಂಟ್ ತೆಗೆಯೋಕೆ. ಆ ಕೆಲಸ ವಿದ್ಯುತ್ ಇಲಾಖೆಯವರು ಪುಕ್ಕಟೆ ಮಾಡ್ತಿದ್ರು.”

ಸುಮಾರು ನಾನೂರು ಅಂಗಡಿಗಳಿಗೆ ಇಲ್ಲಿಂದ ಔಷಧಿ ಹೋಗುತ್ತದೆ. ಈ ಡೇಟಾಬೇಸ್ ಬಂದ ಮೇಲೆ ದಾಖಲಾದ ಒಂದು ಸಾಲೂ ಕಳೆದುಹೋಗಿಲ್ಲ. ಕಳೆದುಹೋಗದ್ದು ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಇವರೂ ಬಿದ್ದಿಲ್ಲ. ಅದಕ್ಕೆ ಇವರಿಗೆ ಬೇಸರವೇನೂ ಇಲ್ಲ. ಹೊಟ್ಟೆ ಉರಿಯುವ ಸಂಗತಿ ಬೇರೆಯೇ ಇದೆ.

ಹತ್ತು ವರ್ಷದ ಹಿಂದೆ ಇಲ್ಲಿದ್ದದ್ದು ದುಬಾರಿ ಬೆಲೆ ತೆತ್ತು ಕೊಂಡ ಡೇಟಾಬೇಸ್. ದಾಸ್ತಾನು ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯ ಗುಮಾಸ್ತರು, ಎಲ್ಲರ ಬಾಯಲ್ಲೂ ದೊಡ್ಡಣ್ಣ. ಒಂದು ಮಧ್ಯಾಹ್ನ ಕಣ್ಣಿನ ಹನಿಔಷಧಿ ತಯಾರಿಸುವವರಿಂದ ಫೋನ್ ಬಂತು. ಒಂದು ಬ್ಯಾಚಿನ ಬಾಟಲಿಗಳಲ್ಲಿ ದೋಷವಿದೆ, ಕಳಿಸಬೇಡಿ. ದೊಡ್ಡಣ್ಣ ಆ ಬ್ಯಾಚಿನ ಮೇಲೆ ‘ತಡೆ’ ಒತ್ತಿದರು. ‘ಸೇವ್ ಆಯಿತು’ ಎಂದು ಪರದೆ ಹೇಳಿತು. ಅದರ ಬೆನ್ನಲ್ಲೇ ಕರೆಂಟು ಹೋಯಿತು. ಮಾರನೆಯ ದಿನ ಬಾಟಲಿಗಳೆಲ್ಲ ಲಾರಿ ಹತ್ತಿದವು. ವಾರದೊಳಗೆ ಹಲವರ ಕಣ್ಣು ಊದಿಕೊಂಡಿತು.

ವಿಚಾರಣೆ ನಡೆಯಿತು. ಆಗಷ್ಟೇ ಡೇಟಾಬೇಸಿನ ಹೊಣೆ ಹೊತ್ತಿದ್ದ ಈ ಹೆಂಗಸನ್ನು ಕರೆದು, ತಡೆ ದಾಖಲಾಗಿದೆಯೇ ಎಂದು ಕೇಳಿದರು. ಇವರು ಹುಡುಕಿದರು. ಇರಲಿಲ್ಲ. ಇಲ್ಲ ಎಂದರು. ದೊಡ್ಡಣ್ಣ, “ನಾನು ಒತ್ತಿದ್ದೀನಿ ಸಾರ್, ಕಣ್ಣಾರೆ ನೋಡಿದ್ದೀನಿ” ಎಂದು ಅಂಗಲಾಚಿದರು. ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ ಎಂದು ಯಜಮಾನರು ಗದರಿದರು. ಸಂಜೆಗೆ ದೊಡ್ಡಣ್ಣನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಮನುಷ್ಯನ ಮಾತು ಎಷ್ಟು ಅಗ್ಗ ನೋಡಿ.

ಮರುವರ್ಷ ಕಂಪನಿಗೆ ಖರ್ಚು ಕಡಿಮೆ ಮಾಡುವ ಹುಕಿ ಹುಟ್ಟಿತು. ಒಳಗಿನ ಬರಹವನ್ನು ಯಾರು ಬೇಕಾದರೂ ನೋಡಬಹುದಾದ ಓಪನ್ ಸೋರ್ಸ್ ಡೇಟಾಬೇಸ್‌ಗಳು ಬಿಟ್ಟಿ ಸಿಗುತ್ತವಂತೆ, ಯಾವುದಾದರೊಂದನ್ನು ಆರಿಸು ಎಂದು ಇವರ ತಲೆಗೆ ಕಟ್ಟಿದರು. ಇವರು ಮೂರನ್ನು ತಂದು ಹಳೇ ಕಂಪ್ಯೂಟರಿಗೆ ಹಾಕಿದರು. ಮೊದಲನೆಯದು ಭಾರೀ ಚುರುಕು, ಆದರೆ ಪ್ಲಗ್ ಕಿತ್ತು ಎಬ್ಬಿಸಿದರೆ ಕೊನೆಯ ಕೆಲವು ಆರ್ಡರ್‌ಗಳು ನಾಪತ್ತೆ. ಎರಡನೆಯದು ಎಲ್ಲವನ್ನೂ ಉಳಿಸಿಕೊಂಡಿತು, ಆದರೆ ಅದರ ಒಡೆತನ ಒಂದೇ ಕಂಪನಿಯದು. ನೋಡನೋಡುತ್ತಿದ್ದಂತೆ ಅವರು ಬಳಕೆಯ ಪರವಾನಗಿಯ ಷರತ್ತನ್ನೇ ಬದಲಿಸಿಬಿಟ್ಟರು. ಮೂರನೆಯದು ನಿಧಾನ, ಹಳೇ ಕಾಲದ್ದು, ನೋಡಲು ಚೆಂದವಿಲ್ಲ. ಎಷ್ಟು ಸಲ ಪ್ಲಗ್ ಕಿತ್ತರೂ ಸೇವ್ ಆಯಿತೆಂದದ್ದೆಲ್ಲ ಅಲ್ಲೇ ಇತ್ತು.

“ಅದಕ್ಕಿಂತ ಹೆಚ್ಚಾಗಿ ಅದನ್ನ ಬರೆದೋರ ತಪ್ಪಿನ ಪಟ್ಟಿ ನೋಡಿ ನಂಬಿಕೆ ಬಂತು,” ಎನ್ನುತ್ತಾರೆ. “ಯಾವ ತಪ್ಪಾಯ್ತು, ಯಾರಿಂದ ಆಯ್ತು, ಹೇಗೆ ಸರಿ ಮಾಡಿದ್ರು, ಎಲ್ಲಾ ಲೋಕಕ್ಕೆ ಕಾಣೋ ಹಾಗೆ ಬರೆದಿಟ್ಟಿದ್ದಾರೆ. ನಮ್ಮಿಂದ ತಪ್ಪಾಯ್ತು ಅಂತ ಒಪ್ಪಿಕೊಳ್ಳೋರನ್ನ ನಾನು ಈ ಗೋದಾಮಲ್ಲಿ ಕಂಡಿರ್ಲಿಲ್ಲ.”

ಬಿಟ್ಟಿ ಸಿಗುವುದನ್ನು ನಂಬುವುದು ಹೇಗೆ ಎಂದು ಯಜಮಾನರು ಕೇಳಿದರಂತೆ. ದುಡ್ಡು ಕೊಟ್ಟದ್ದನ್ನು ನಂಬಿ ಏನಾಯಿತು ಎಂಬ ಮಾತು ಇವರ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು. ಸಂಸಾರ ನಡೆಯಬೇಕಲ್ಲ.

ಆದರೆ ಮೂರನ್ನೂ ನೋಡಿದ ಮೇಲೆ ದುಬಾರಿಯದನ್ನೂ ಒಂದು ಸಲ ನೋಡೋಣ ಎನ್ನಿಸಿತು. ಅದೇ ಕಂಪ್ಯೂಟರ್, ಅದೇ ಸುಳ್ಳು ಆರ್ಡರ್. ಪ್ಲಗ್ ಕಿತ್ತರು. ಎಬ್ಬಿಸಿದರು. ಸೇವ್ ಆಯಿತೆಂದ ಸಾಲುಗಳಲ್ಲಿ ಕೆಲವು ಮಾಯವಾಗಿದ್ದವು. ಅದು ಡಿಸ್ಕಿಗೆ ಬರೆಯುವ ಮುಂಚೆಯೇ ‘ಆಯಿತು’ ಎಂದುಬಿಡುತ್ತಿತ್ತು, ಅಡುಗೆಮನೆಗೆ ಹೇಳದೆಯೇ ‘ಬಂತು ಸಾರ್’ ಎನ್ನುವ ಹೋಟೆಲ್ ಸಪ್ಲಯರ್ ಹಾಗೆ. ಇವರು ಪ್ಲಗ್ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು.

“ದೊಡ್ಡಣ್ಣ ನಿಜ ಹೇಳಿದ್ರು. ನಾನೂ ನಿಜಾನೇ ಹೇಳಿದ್ದೆ. ನನ್ನ ನಿಜಕ್ಕೆ ಅವರ ಅನ್ನ ಹೋಯ್ತು.”

ಅಂದೇ ಸಂಜೆ ಅವರ ಮನೆ ಹುಡುಕಿಕೊಂಡು ಹೋದರು. ದೊಡ್ಡಣ್ಣ ಆಗ ಸೈಕಲ್ ಸ್ಟ್ಯಾಂಡಿನಲ್ಲಿ ಟೋಕನ್ ಹರಿಯುವ ಕೆಲಸಕ್ಕಿದ್ದರು. ಇವರು ತಡವರಿಸುತ್ತ ಎಲ್ಲ ಹೇಳಿದರು. ದೊಡ್ಡಣ್ಣ ಅಡುಗೆಮನೆಯ ಕಡೆ ಒಮ್ಮೆ ನೋಡಿ, “ಇನ್ನೊಂದ್ಸಲ ಹೇಳು ತಂಗಿ,” ಎಂದರು. “ಸ್ವಲ್ಪ ಗಟ್ಟಿಯಾಗಿ ಹೇಳು. ನಮ್ಮನೆಯವಳಿಗೂ ಅನುಮಾನ ಇದೆ.”

ಇವರು ಗಟ್ಟಿಯಾಗಿ ಹೇಳಿದರು. ಒಳಗಿನ ಪಾತ್ರೆಯ ಸದ್ದು ನಿಂತಿತು.

“ಇದನ್ನ ಕಂಪನಿಯವರು ಬರೆದು ಕೊಡ್ತಾರಾ?” ಎಂದು ದೊಡ್ಡಣ್ಣ ಕೇಳಿದರು. ಕೆಲಸ ವಾಪಸ್ ಕೇಳಲಿಲ್ಲ. ಪರಿಹಾರ ಕೇಳಲಿಲ್ಲ.

ಕಂಪನಿ ಕೊಡಲಿಲ್ಲ. ಬರೆದುಕೊಟ್ಟರೆ ಕಣ್ಣು ಊದಿಕೊಂಡವರೆಲ್ಲ ಬಾಗಿಲಿಗೆ ಬರುತ್ತಾರೆಂದು ವಕೀಲರು ಹೆದರಿಸಿದರು. ಹಳೇದನ್ನು ಕೆದಕಬೇಡಿ ಎಂದು ಇವರಿಗೂ ತಾಕೀತಾಯಿತು. ಹೊಸ ಡೇಟಾಬೇಸ್ ಮಾತ್ರ ಬಂತು. ಕಳೆದ ತಿಂಗಳು ಕಂಪನಿ ಹೊರತಂದ ಬಣ್ಣದ ಪುಸ್ತಿಕೆಯಲ್ಲಿ ‘ಆಡಳಿತದ ದೂರದೃಷ್ಟಿಯಿಂದ ಉಳಿದ ಹಣ’ ಎಂದು ಒಂದಿಡೀ ಪುಟ ಇದೆ. ಆ ಪುಟಕ್ಕೆ ಮಾಹಿತಿ ಬರೆದುಕೊಟ್ಟವರು ಇವರೇ. ದೊಡ್ಡಣ್ಣನ ಬಗ್ಗೆ ಸೇರಿಸಿದ್ದ ಎರಡು ಸಾಲನ್ನು ಯಾರೋ ಸದ್ದಿಲ್ಲದೆ ತೆಗೆದುಹಾಕಿದ್ದಾರೆ. ನಾಚಿಕೆಗೇಡು ಎನ್ನದೆ ಬೇರೇನನ್ನಬೇಕೋ ತಿಳಿಯದು.

ದೊಡ್ಡಣ್ಣನಿಗೆ ಈಗ ವಯಸ್ಸಾಗಿದೆ, ಸ್ಟ್ಯಾಂಡಿಗೆ ಹೋಗುವುದಿಲ್ಲ. ನಿನ್ನ ಮಾವ ಔಷಧಿ ವಿಷಯದಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವರಲ್ಲವೇ ಎಂದು ಅಳಿಯನನ್ನು ಇಂದಿಗೂ ಕೇಳುವವರಿದ್ದಾರೆ. ಪ್ಲಗ್ಗಮ್ಮ ತಿಂಗಳಿಗೊಮ್ಮೆಯಾದರೂ ಹೋಗಿ ಕೂತು ಬರುತ್ತಾರೆ. ಇಬ್ಬರಿಗೂ ಮಾತು ಹೆಚ್ಚು ಬೇಕಿಲ್ಲ.

ಗೋದಾಮಿನ ಕೋಣೆಯಲ್ಲಿ ಕಂಪ್ಯೂಟರ್ ಮತ್ತೆ ಎದ್ದಿದೆ. ಸಂಖ್ಯೆಗಳೆಲ್ಲ ತಾಳೆಯಾಗಿವೆ. ಹೊರಗೆ ಮೊದಲ ಲಾರಿ ಹಿಮ್ಮುಖವಾಗಿ ಬರುತ್ತಿದೆ. ನಮ್ಮ ಪತ್ರಿಕೆಯ ಫೋಟೋಗ್ರಾಫರ್ ಕ್ಯಾಮೆರಾ ಎತ್ತುತ್ತಾನೆ. ಪ್ಲಗ್ಗಮ್ಮ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಾರೆ.

“ನನ್ನ ಫೋಟೋ ಬೇಡಪ್ಪಾ. ಆ ಜಾಗದಲ್ಲಿ ಒಂದು ಸಾಲು ಹಾಕಿ. ಅವತ್ತು ದೊಡ್ಡಣ್ಣ ತಡೆ ಒತ್ತಿದ್ದು ನಿಜ. ದಪ್ಪ ಅಕ್ಷರದಲ್ಲಿ ಹಾಕಿ, ಅವರಿಗೀಗ ಸಣ್ಣದು ಕಾಣಲ್ಲ.”