ತಿಪ್ಪಣ್ಣನ ಮೂಗುತಿ

ಸೇಲಂ ಸೀಮೆಯ ಕಡಯಂಪಟ್ಟಿಯ ಮುತ್ಯಾಲಮ್ಮನಿಗೆ ಮೂರು ಗಂಡುಮಕ್ಕಳು ಹುಟ್ಟಿ ಮೂರೂ ತೊಟ್ಟಿಲಲ್ಲೇ ಹೋದವು. ನಾಲ್ಕನೆಯದೂ ಗಂಡಾಯಿತು. ಅದನ್ನಾದರೂ ಉಳಿಸಿಕೊಳ್ಳಬೇಕೆಂದು ಆಕೆ ಊರಲ್ಲಿ ಮಾಡುವ ಶಾಸ್ತ್ರವನ್ನೆಲ್ಲ ಮಾಡಿದಳು. ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡಳು, ತಿಪ್ಪಣ್ಣ ಎಂದು ಕರೆದಳು, ಅಕ್ಕಸಾಲಿಗನಿಂದ ಮೂಗು ಚುಚ್ಚಿಸಿ ಹೆಣ್ಣುಮಕ್ಕಳಿಗೆ ಹಾಕುವಂಥ ಮೂಗುತಿ ಹಾಕಿಸಿದಳು. ಯಮ ಬಂದರೆ, ತಿಪ್ಪೆಗೆ ಬಿಸಾಕಿದ ಹೆಣ್ಣುಕೂಸು ನನಗ್ಯಾಕೆ ಎಂದು ಮುಂದಿನ ಮನೆಗೆ ಹೋಗಲಿ ಎಂಬುದು ಆಕೆಯ ಲೆಕ್ಕ. ಯಮ ಮೋಸಹೋದನೋ ಇಲ್ಲವೋ, ಹುಡುಗ ಮಾತ್ರ ಗುಂಡುಕಲ್ಲಿನ ಹಾಗೆ ಬೆಳೆದ.

ಊರಲ್ಲಿ ಆ ಮೂಗುತಿಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಮೂವತ್ತನಾಲ್ಕನೇ ಇಸವಿಯಲ್ಲಿ ಸೇಲಂನ ಕಾಲೇಜಿಗೆ ಸೇರಿದ ಮೇಲೆ ಎಲ್ಲರೂ ಅದನ್ನೇ ನೋಡತೊಡಗಿದರು. ಅಲ್ಲಿ ಹುಡುಗರೆಲ್ಲ ಜುಟ್ಟು ತೆಗೆಸಿ ಕ್ರಾಪು ಬಿಟ್ಟಿದ್ದರು. ತಿಪ್ಪಣ್ಣನೂ ಬಿಟ್ಟ. ಆದರೆ ಮೂಗನ್ನು ಏನು ಮಾಡುವುದು? ಮೂಗುತಿಗೆ ತಮಿಳಿನಲ್ಲಿ ಹೇಳುವ ‘ಮೂಕ್ಕುತ್ತಿ’ ಎಂಬುದೇ ಅವನ ಹೆಸರಾಯಿತು. ಕಾಲೇಜಿನ ನಾಟಕಕ್ಕೆ ರಾಣಿಯ ಪಾತ್ರಧಾರಿ ಸಿಗದಿದ್ದಾಗ, ಅವನ ತರಗತಿಯ ಅರುಣಾಚಲಂ ತುಂಬಿದ ಸಭೆಯಲ್ಲಿ, “ನಮ್ಮ ಮೂಕ್ಕುತ್ತಿ ಇದ್ದಾಳಲ್ಲ, ವೇಷದ ಖರ್ಚೂ ಉಳಿಯಿತು” ಎಂದು ತಮಿಳಿನಲ್ಲಿ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತಿಪ್ಪಣ್ಣನೂ ನಕ್ಕ. ನಗದಿದ್ದರೆ ಬಿಡುತ್ತಾರೆಯೇ?

ಕೋಣೆಗೆ ಬಂದು ಕನ್ನಡಿ ಹಿಡಿದ. ಉತ್ತು ಕೊಯ್ದು ಬಲಿತ ತೋಳು, ಅಗಲವಾದ ಎದೆ, ಅವ್ವ ದೃಷ್ಟಿ ತೆಗೆಯುತ್ತಿದ್ದ ಮುಖ, ಒಂದೂ ಅವನ ಕಣ್ಣಿಗೆ ಬೀಳಲಿಲ್ಲ. ಮೂಗೊಂದೇ ಕಂಡಿತು. ಮೂಗುತಿ ಬಿಚ್ಚಿ ಪೆಟ್ಟಿಗೆಯ ತಳಕ್ಕೆ ಹಾಕಿದ.

ಮೊದಮೊದಲು ಊರಿಗೆ ಹೋಗುವಾಗ ಮತ್ತೆ ಹಾಕಿಕೊಳ್ಳುತ್ತಿದ್ದ. ಬರುಬರುತ್ತಾ ತೂತು ಕೂಡಿಕೊಂಡಿತು. ಹುಚ್ಚ, ಅದಕ್ಕೆ ಸಂತೋಷಪಟ್ಟ! ಆಮೇಲೆ ಅವ್ವನಿಗೆ ಮುಖ ತೋರಿಸುವ ಧೈರ್ಯ ಸಾಲದೆ, ಓದು ಬಹಳ ಇದೆ ಎಂದು ಹೇಳಿಕಳಿಸಿ ದೀಪಾವಳಿಗೂ ಹೋಗಲಿಲ್ಲ, ಸಂಕ್ರಾಂತಿಗೂ ಹೋಗಲಿಲ್ಲ. ಮಗ ಓದುತ್ತಿದ್ದಾನೆಂದು ಆಕೆ ಊರಿಗೆಲ್ಲ ಹೇಳಿಕೊಂಡು ಓಡಾಡಿದಳು.

ಬೇಸಗೆಯಲ್ಲಿ ಊರಿಗೆ ವಾಂತಿಭೇದಿ ಬಂತು. ಸೋದರಮಾವ ಎಲ್ಲಪ್ಪ ಕಾಲೇಜಿನ ಬಾಗಿಲಿಗೇ ಬಂದು, “ನಿಮ್ಮವ್ವಂಗೆ ಜೋರಾಗೈತೆ, ನಡೀಲಾ” ಎಂದ. ತಿಪ್ಪಣ್ಣ ಕೋಣೆಗೆ ಓಡಿ ಮೂಗುತಿ ತಂದ. ಬಸ್ಸಿನಲ್ಲಿ ಕೂತು ಅದನ್ನು ಒತ್ತಿ ಒತ್ತಿ ನೋಡಿದ. ಒಳಕ್ಕೆ ಹೋಗಲಿಲ್ಲ.

ಮನೆಯಲ್ಲಿ ಮುತ್ಯಾಲಮ್ಮ ಚಾಪೆಗೆ ಅಂಟಿಕೊಂಡಿದ್ದಳು. ಪಕ್ಕದ ಮನೆಯ ನಾರಾಯಣಮ್ಮ ಗಂಜಿನೀರು ಕುಡಿಸಲು ನೋಡಿದರೆ, ಮಗ ಬಂದು ಕೊಡಲಿ ಎಂದು ಬಾಯಿ ಬಿಗಿಹಿಡಿದಿದ್ದಳಂತೆ. ಮಗ ಹೊಸ್ತಿಲಿಗೆ ಬಂದ. ಆಕೆಯ ಮುಖ ಅರಳಿತು, ಮರುಗಳಿಗೆಗೆ ಬೆಚ್ಚಿತು.

“ಅಲ್ಲೇ ನಿಲ್ಲು! ಮೂಗುತಿ ಎಲ್ಲಲಾ?”

“ಬಿಚ್ಚಿಟ್ಟಿವ್ನಿ ಕಣವ್ವಾ. ಮೊದ್ಲು ನೀರು ಕುಡಿ.”

“ಒಳೀಕ್ ಬರ್ಬ್ಯಾಡ ಮಗಾ. ಅವ್ನು ಇಲ್ಲೇ ಕುಂತವ್ನೆ. ನಂಗೋಸ್ಕರ ಬಂದೋನು ನಿನ್ನ ಗುರ್ತು ಇಡೀತಾನೆ. ಓಗು, ನನ್ನಪ್ಪಾ, ದೂರ ಓಗು.”

ಅವನು ಒಂದು ಹೆಜ್ಜೆ ಇಟ್ಟ. ಆಕೆ ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕಿರುಚಿದಳು.

ತಿಪ್ಪಣ್ಣ ಹಿತ್ತಲಿಗೆ ಓಡಿದ. ಜಾಲಿಯ ಮುಳ್ಳು ಮುರಿದು, ಹಳೆಯ ಗುರುತಿನ ಮೇಲಿಟ್ಟು ಕಣ್ಣುಮುಚ್ಚಿ ಚುಚ್ಚಿದ. ರಕ್ತ ಅಂಗಿಯ ಮೇಲೆಲ್ಲ ಸುರಿಯಿತು. ಮೂಗುತಿ ಹೇಗೋ ತಿರುಪಿ ಕೂರಿಸಿ, “ಅವ್ವಾ, ಆಕ್ಕೊಂಡೆ, ನೋಡವ್ವಾ” ಎನ್ನುತ್ತಾ ಒಳಗೆ ಬಂದ. ನಾರಾಯಣಮ್ಮ ಆಕೆಯ ಕಣ್ಣು ಮುಚ್ಚುತ್ತಿದ್ದಳು. ಗಂಜಿನೀರಿನ ಚೆಂಬು ತುಂಬಿದ ಹಾಗೇ ಇತ್ತು.

ಅವನು ಮತ್ತೆ ಕಾಲೇಜಿಗೆ ಹೋಗಲಿಲ್ಲ. ಮೆಟ್ಟೂರಿನ ಒಂದು ಆಫೀಸಿನಲ್ಲಿ ಗುಮಾಸ್ತನಾದ. ಅಲ್ಲಿಯೂ ಜನ ನಕ್ಕರು. ನಗಲಿ ಎಂದು ಬಿಟ್ಟ. ಮೂಗುತಿಯನ್ನು ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ಅದನ್ನು ಕಂಡು ನೆಮ್ಮದಿಯಾಗಿ ಉಸಿರುಬಿಡಬೇಕಾದವಳು ಮಾತ್ರ ಇರಲಿಲ್ಲ.