ಅವ್ವ ಹಗೇವಿಗೆ ಬಿಟ್ಟ ದೀಪ

ನಮ್ಮ ವಿಶ್ವವಿದ್ಯಾಲಯದ ಮುಖ್ಯ ಆವರಣ ಗದಗಿನಲ್ಲಿತ್ತು. ನಾನು ಓದಿದ್ದು ಅದರ ಲಕ್ಷ್ಮೇಶ್ವರದ ಶಾಖೆಯಲ್ಲಿ. ‘ಓ, ಶಾಖೆಯವರಾ?’ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆ ಸಿಟ್ಟಿನಲ್ಲೇ ಒಮ್ಮೆ, ಗದಗಿನಿಂದ ಹಳೆಯ ಬೇಸಾಯ ಪದ್ಧತಿಗಳ ಪಾಠಕ್ಕೆ ಬಂದ ಪ್ರಾಧ್ಯಾಪಕರ ಮುಂದೆ, ನಮ್ಮ ಮನೆಯಲ್ಲಿ ಇನ್ನೂ ಹಗೇವು ಇದೆ ಎಂದು ಜಂಬ ಕೊಚ್ಚಿದೆ.

ಮರುದಿನವೇ ಅವರು ಸೊರಟೂರಿನ ನಮ್ಮ ಮನೆಗೆ ಬಂದರು. ಜೋಳ ತುಂಬಿಡುವ ಆ ನೆಲದಡಿಯ ಗುಂಡಿಯ ಕಲ್ಲು ಸರಿಸಿದ್ದೇ ತಡ, ಇಳಿಯಲು ಕಾಲು ಚಾಚಿದರು. ಅವ್ವ ರಟ್ಟೆ ಹಿಡಿದು ಎಳೆದಳು.

“ತಡೀರಿ ಸರ, ಮೊದಲ ದೀಪ ಇಳೀಲಿ.”

ಹಗ್ಗ ಕಟ್ಟಿ ಇಳಿಬಿಟ್ಟ ಕಂದೀಲು ಅರ್ಧಕ್ಕೇ ಆರಿತು. ಒಳಗೆ ಉಸಿರಾಡುವ ಗಾಳಿ ಇರಲಿಲ್ಲ. ಪ್ರಾಧ್ಯಾಪಕರು ಬೆವರೊರೆಸಿಕೊಂಡು ಕಟ್ಟೆಯ ಮೇಲೆ ಕುಳಿತು, ಅವ್ವ ಹೇಳಿದ್ದನ್ನೆಲ್ಲ ಬರೆದುಕೊಂಡರು.

ಆ ವರ್ಷದ ಪರೀಕ್ಷೆಯ ಕೊನೆಯ ಪ್ರಶ್ನೆ ಓದಿ ನನ್ನ ಕೈ ನಿಂತುಬಿಟ್ಟಿತು: ಹಗೇವಿಗೆ ಇಳಿಯುವ ಮುನ್ನ ದೀಪ ಬಿಡುವುದೇಕೆ? ಶಿರಹಟ್ಟಿ, ಮುಂಡರಗಿಯ ಶಾಖೆಗಳಲ್ಲಿ, ಗದಗಿನ ಆ ದೊಡ್ಡ ಆವರಣದಲ್ಲಿ, ಅದೇ ಗಳಿಗೆಗೆ ನೂರಾರು ತಲೆಗಳು ನಮ್ಮವ್ವನ ಮಾತಿನ ಮೇಲೆ ಬಾಗಿದ್ದವು. ಶಾಲೆಯ ಮೆಟ್ಟಿಲು ಹತ್ತದವಳು!

ಮನೆಗೆ ಓಡಿಬಂದು ಹೇಳಿದೆ. ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಎಲ್ಲಾರೂ ಬರೋಬರಿ ಬರದಾರನ? ತಪ್ಪು ಬರದೋರಿಗೆ ಬರೇ ಸೊನ್ನಿ ಕೊಟ್ಟು ಬಿಡಬ್ಯಾಡ್ರಿ ಅಂತ ನಿಮ್ಮ ಸರ್‌ಗೆ ಹೇಳು. ಕರದು ತಿಳಿಸಿ ಹೇಳ್ಲಿ. ನಾಳೆ ಹಗೇವಿನೊಳಗ ಹಂಗ ಇಳದಾರು.”